ಲೂಪ್‌ಬ್ಯಾಕ್ ಬರೆದವಳು

ಕೊಳ್ಳೇಗಾಲದ ಆ ಮನೆಯಲ್ಲಿ ಮಗ್ಗದ ಸದ್ದು ನಿಂತರೆ ಒಳಕೋಣೆಯ ಮಾತು ಹೊರಗೆ ಕೇಳಿಸುತ್ತಿತ್ತು. ಗಂಡ ಮುದ್ದಯ್ಯ ಮಗ್ಗ ನಿಲ್ಲಿಸಿದಾಗ ಚಿಕ್ಕತಾಯಮ್ಮ ಕಂಡಿಕೆಗೆ ರೇಷ್ಮೆ ಸುತ್ತುತ್ತ ಕಿವಿಗೊಟ್ಟಳು. ಮಗ ಚರಣ್, ಸೊಸೆ ವಾಣಿಶ್ರೀ ಇಬ್ಬರೂ ಮನೆಯಲ್ಲೇ ಕೂತು ಕಂಪ್ಯೂಟರ್ ಕೆಲಸ ಮಾಡುವವರು. ಬೆಳಗಿನಿಂದ ಇಬ್ಬರ ಮುಖವೂ ಸರಿಯಿರಲಿಲ್ಲ.

ಒಂದು ಕಂಪ್ಯೂಟರಿನೊಳಗೆ ವರ್ಚುವಲ್ ಮೆಷಿನ್ ಅಂತ ಇನ್ನೊಂದನ್ನು ಓಡಿಸುತ್ತಾರಂತೆ. ಎರಡರ ನಡುವೆ ಮಾತು ಸಾಗಿಸುವುದು ಒಂದು ಡ್ರೈವರ್. ಒಂದೇ ಮೆಷಿನ್ನಿನ ಎರಡು ಪ್ರೋಗ್ರಾಮುಗಳು ಮಾತ್ರ ಅದರ ಮೂಲಕ ತಮ್ಮತಮ್ಮಲ್ಲಿ ಮಾತಾಡುವಂತಿರಲಿಲ್ಲ. ಮಾತು ಅಲ್ಲಿಂದಲ್ಲಿಗೇ ತಿರುಗಿ ಬರುವ ಆ ಲೂಪ್‌ಬ್ಯಾಕ್ ದಾರಿಯನ್ನು ವಾಣಿಶ್ರೀ ಬರೆದಿದ್ದಳು. ನಾಲ್ಕು ದೇಶದವರು ಬಳಸುವ ಡ್ರೈವರಿಗೆ ಅದು ಸೇರಬೇಕಾದರೆ ಅದನ್ನು ನೋಡಿಕೊಳ್ಳುವವರಿಗೆ ಕಳಿಸಿ ಒಪ್ಪಿಗೆ ಪಡೆಯಬೇಕಿತ್ತು. ಚರಣ್ ಅದರ ಮೇಲೆ ತನ್ನ ಹೆಸರು ಹಾಕಿದ್ದ.

"ನನ್ನೆಸ್ರು ಅಲ್ಲಿ ಗುರ್ತದೆ ವಾಣಿ. ಹೊಸಬ್ರು ಕಳ್ಸಿದ್ರೆ ತಿಂಗ್ಳಾದ್ರೂ ಯಾರೂ ನೋಡಲ್ಲ."

"ತಪ್ಪಾದ್ರೆ ಉತ್ರ ಹೇಳೋಕೆ ನಾನು, ಶಭಾಷ್ ಅನ್ನಿಸ್ಕಳಕ್ಕೆ ನೀವಾ?"

"ಒಂದೇ ಮನೇದಲ್ವಾ, ಯಾರೆಸ್ರಾದ್ರೇನವ್ವ? ಸುಮ್ಕಿರು" ಎಂದಳು ಚಿಕ್ಕತಾಯಮ್ಮ ಕೂತಲ್ಲಿಂದಲೇ.

ಅಷ್ಟರಲ್ಲಿ ಸೀರೆ ಅಂಗಡಿಯ ಶಿವನಂಜಯ್ಯ ಬಂದ. ಹೊಸ ಸೀರೆಯ ಸೆರಗು ಬಿಡಿಸಿ, "ಏನ್ ಕೈಯಯ್ಯಾ ನಿಂದು ಮುದ್ದಯ್ಯ! ಬಂಗಾರದ ಕಡಗ ತೊಡಿಸ್ಬೇಕು" ಎಂದ.

"ತೊಡಿಸಿ ಸಾ, ಯಾರ್ ಬ್ಯಾಡ ಅಂದೋರು?" ಎಂದು ಮುದ್ದಯ್ಯ ನಕ್ಕ.

ಗಂಡನ ಕಣ್ಣು ಮಂಜಾದಾಗಿನಿಂದ ಸೆರಗು ನೇಯುತ್ತಿದ್ದವಳು ಚಿಕ್ಕತಾಯಮ್ಮ. ಅಂಗಡಿಯವರ ಎದುರು ಹಾಗೆ ಹೇಳುವ ವಾಡಿಕೆ ಇರಲಿಲ್ಲ. ಅವರು ಬಂದರೆ ಅವಳು ಕಾಫಿಗೆ ಒಳಗೆ ಹೋಗುತ್ತಿದ್ದಳು. ಇವತ್ತು ಎದ್ದು ಹೋಗಲಿಲ್ಲ.

"ಸೆರಗು ನಾನ್ ನೆಯ್ದಿದ್ದು ಶಿವನಂಜಯ್ಯಾರೇ."

"ಲೇ, ಸುಮ್ಕಿರು!" ಎಂದು ಮುದ್ದಯ್ಯ ಗದರಿದ.

"ಇಷ್ಟ್ ದಿನ ಸುಮ್ಕಿದ್ನಲ್ಲ. ಅದಕ್ಕೇಯ ಸೊಸೆಗೂ ಸುಮ್ಕಿರು ಅಂದ್ಬುಟ್ಟೆ."

ಮುದ್ದಯ್ಯನ ಮುಖ ಕಪ್ಪಿಟ್ಟಿತು. ಬಾಗಿಲಲ್ಲಿ ನಿಂತಿದ್ದ ಚರಣ್ ಅಪ್ಪನನ್ನೂ ಅವ್ವನನ್ನೂ ನೋಡಿದ. ಒಳಗೆ ಹೋಗಿ ತನ್ನ ಹೆಸರು ಅಳಿಸಿ ಕುರ್ಚಿ ಬಿಟ್ಟೆದ್ದ. "ನೀನೇ ಕಳ್ಸು ವಾಣಿ." ಅವಳು ಕೂತು ತನ್ನ ಹೆಸರು ಬರೆದಳು.

ಚಿಕ್ಕತಾಯಮ್ಮ ಕಾಫಿ ತಂದು ಗಂಡನಿಗೂ ಶಿವನಂಜಯ್ಯನಿಗೂ ಕೊಟ್ಟಳು. ಮುದ್ದಯ್ಯ ಲೋಟ ಮುಟ್ಟಲಿಲ್ಲ. ಶಿವನಂಜಯ್ಯ ಇನ್ನೂ ಅಲ್ಲೇ ಇದ್ದ. ಅವನೆದುರೇ ಅವಳು ಸೆರಗು ಸಿಕ್ಕಿಸಿಕೊಂಡು ಮಗ್ಗಕ್ಕೆ ಕೂತಳು.