ಕಳೆದ ನಾಲ್ಕು ವಾರ

ಹೆಬ್ಬಾಳದಿಂದ ಉತ್ತರಕ್ಕಿರುವ ಸಮಸ್ತ ನಾಗರಿಕರ ಗಮನಕ್ಕೆ ತರಬೇಕಾದ ಗಂಭೀರ ವಿಷಯವೊಂದಿದೆ: ಚಿಕ್ಕಜಾಲದ ಒಂದು ಅಪಾರ್ಟ್‌ಮೆಂಟಿಗೆ ಹೋಗುವ ನೀರಿನ ಟ್ಯಾಂಕರು ಏಳು ತಿಂಗಳಿಂದ ಮುಚ್ಚಿದ ಗೇಟಿನ ಮುಂದೆ ನಿಲ್ಲುತ್ತಿತ್ತು.

ಟ್ಯಾಂಕರುಗಳಿಗೆ ದಾರಿ ತೋರಿಸುವ ಆ್ಯಪ್ ತಯಾರಾದದ್ದು ಆರ್.ಟಿ. ನಗರದ ಒಂದು ಬೇಕರಿಯ ಮೇಲಿನ ಆಫೀಸಿನಲ್ಲಿ. ಬರೆದವರು ಇಬ್ಬರು, ವಾಸು ಮತ್ತು ಶಿಲ್ಪ. ಶಿಲ್ಪ ಕೆಲಸ ಬಿಟ್ಟ ಮೇಲೆ ಅಪಾರ್ಟ್‌ಮೆಂಟಿನವರು ಆ ಗೇಟಿಗೆ ಗೋಡೆ ಕಟ್ಟಿ ಹಿಂದೆ ಹೊಸ ಗೇಟು ಮಾಡಿದರು. ಕೋಡಿನಲ್ಲಿ ಒಂದು ಸಾಲು ತಿದ್ದಿದರೆ ಮುಗಿಯುತ್ತಿತ್ತು. ವಾಸು ತಿದ್ದಲಿಲ್ಲ, ದಿನಾ ಡ್ರೈವರ್ ಮಜೀದನ ಫೋನು ಎತ್ತಿದ.

"ಸಾರ್, ನಿಮ್ ಆ್ಯಪು ಇವತ್ತೂ ಗೋಡೆ ಮುಂದೆ ತಂದ್ ನಿಲ್ಸಿದೆ. ಗೋಡೆಗೇ ನೀರ್ ಬಿಡ್ಲಾ?"

"ಹಿಂದ್ಗಡೆ ಗೇಟಿಗೆ ಹೋಗಿ ಮಜೀದ್ ಭಾಯ್."

"ನಂಗೊತ್ತು ಸಾರ್. ಆ್ಯಪಿಗೆ ಯಾವಾಗ ಗೊತ್ತಾಗತ್ತೆ ಅಂತ ಕೇಳ್ದೆ."

ಆಫೀಸಿನ ಸರ್ವರಿನಲ್ಲಿ ಒಂದು ಪುಟವಿದೆ. 'ಕಳೆದ ನಾಲ್ಕು ವಾರ' ಎಂಬ ತಲೆಬರಹದಡಿ, ಯಾರು ಎಷ್ಟು ಕಮಿಟ್ ಮಾಡಿದರು, ಅಂದರೆ ಎಷ್ಟು ಸಲ ಕೋಡು ತಿದ್ದಿ ಸೇರಿಸಿದರು ಎಂದು ತೋರಿಸುತ್ತದೆ. ಪ್ರತಿಸಲ ಎಣಿಸುವ ತ್ರಾಣ ಆ ಹಳೆಯ ಸರ್ವರಿಗಿಲ್ಲ. ಒಮ್ಮೆ ಎಣಿಸಿ ಎತ್ತಿಟ್ಟು, ಕೇಳಿದವರಿಗೆಲ್ಲ ಅದನ್ನೇ ತೋರಿಸುತ್ತದೆ. ಯಾರಾದರೂ ಹೊಸ ಕಮಿಟ್ ಹಾಕಿದಾಗ ಮಾತ್ರ ಹಳೆಯದನ್ನು ಎಸೆದು ಮತ್ತೆ ಎಣಿಸುತ್ತದೆ. ಈ ಆ್ಯಪಿನ ಕೊನೆಯ ಕಮಿಟ್ ಶಿಲ್ಪಳದು, ಅವಳ ಕೊನೆಯ ದಿನದ್ದು. ಹಾಗಾಗಿ ಪುಟದ ಪ್ರಕಾರ ಅವಳು ಇನ್ನೂ ಪಕ್ಕದ ಕುರ್ಚಿಯಲ್ಲೇ ಇದ್ದಳು: ಶಿಲ್ಪ ೪೧, ವಾಸು ೩೮.

ಆ ನಾಲ್ಕು ವಾರ ಇಬ್ಬರೂ ಪೈಪೋಟಿಗೆ ಬಿದ್ದಿದ್ದರು. ಅವಳು ಒಂದು ತಿದ್ದುಪಡಿಯನ್ನು ಮೂರಾಗಿ ಒಡೆದು ಹಾಕಿ, "ಹಿಂದಿದ್ದೀಯ ಮಗಾ, ಪಫ್ಸ್ ತಾ ಹೋಗು" ಎನ್ನುತ್ತಿದ್ದಳು. ವಾಸುವಿಗೆ ಮೋಸ ಗೊತ್ತಾಗುತ್ತಿತ್ತು. ಮೆಟ್ಟಿಲಿಳಿದು ತರುತ್ತಿದ್ದ.

ಈಗ ಅವಳ ಆಫೀಸು ಯಶವಂತಪುರದಲ್ಲಿ. ಫೋನು ಮಾಡಲು ಒಂದು ನೆಪ ಬೇಕಿತ್ತು; ಪುಟ ನೋಡಲು ಬೇಕಿರಲಿಲ್ಲ.

ಮೊನ್ನೆ ಮಾಲಕಿ ರಾಧಾಮಣಿ ಅವನ ಮೇಜಿನ ಬಳಿ ಬಂದು ನಿಂತರು.

"ಚಿಕ್ಕಜಾಲದವ್ರು ಬೇರೆ ಟ್ಯಾಂಕರ್ ನೋಡ್ಕೋತಾರಂತೆ. ಮಜೀದನ ಟ್ರಿಪ್ಪೂ ಹೋಗತ್ತೆ. ಒಂದ್ ಲೈನ್ ಕಣಪ್ಪಾ, ಏಳ್ ತಿಂಗ್ಳಾ?"

"ರಿಸ್ಕ್ ಇದೆ ಮೇಡಂ."

"ಗೇಟಿಗೆ ಏನಪ್ಪಾ ರಿಸ್ಕು?"

"ಗೇಟಿಗೇನಿಲ್ಲ" ಎಂದ ವಾಸು.

ಅವರು ಹೋದ ಮೇಲೆ ಪುಟದ ಫೋಟೋ ತೆಗೆದುಕೊಂಡ. ಅದು ಯಾವುದೋ ಹಳೆಯ ಫೋಟೋದಂತೆ ಕಂಡಿತು. ಅಳಿಸಿದ. ಸಾಲು ತಿದ್ದಿ ಕಮಿಟ್ ಹಾಕಿದ. 'ಎಣಿಸಲಾಗುತ್ತಿದೆ' ಎಂದು ಸರ್ವರು ತುಸು ಹೊತ್ತು ಯೋಚಿಸಿತು. ಅಷ್ಟು ಹೊತ್ತೂ ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ.

ಕಳೆದ ನಾಲ್ಕು ವಾರದಲ್ಲಿ ಆ ಆ್ಯಪಿಗೆ ಕೆಲಸ ಮಾಡಿದವರು ಒಬ್ಬರು, ಕಮಿಟ್ ಒಂದು.