ರಬ್ಬಿ ಅವಿಗ್ದೋರರ ಊಟದ ಮೇಜು

ನಾನು ಒಂದು ಊಟದ ಮೇಜು. ಲಿಥುವೇನಿಯಾದ ಝಬ್ರಾವ ಎಂಬ ಸಣ್ಣ ಊರಿನಲ್ಲಿ ಗೆದಾಲ್ಯ ಎಂಬ ಬಡಗಿ ಪೈನ್ ಮರದ ಐದು ಹಲಗೆಗಳನ್ನು ಜೋಡಿಸಿ ನನ್ನನ್ನು ಮಾಡಿದ. ಅವಿಗ್ದೋರ್ ಎಂಬ ಬಡ ವಿದ್ಯಾರ್ಥಿಯ ಮದುವೆಗೆ ಅವನು ಕೊಟ್ಟ ಉಡುಗೊರೆ ನಾನು. ಒಂದು ಕಾಲು ತುಸು ಗಿಡ್ಡ. ವಧು ಹೆನ್ಯೆ ಅದರ ಕೆಳಗೆ ಬಟ್ಟೆ ಮಡಚಿಟ್ಟಳು. ಅಷ್ಟರಿಂದ ಸಂಸಾರ ಶುರುವಾಯಿತು.

ಅವಿಗ್ದೋರ್ ಮುಂದೆ ರಬ್ಬಿಯಾದರು. ರಬ್ಬಿ ಎಂದರೆ ಯೆಹೂದ್ಯರ ಗುರು, ಧರ್ಮದ ಪ್ರಶ್ನೆಗಳಿಗೆ ತೀರ್ಪು ಹೇಳುವವರು. ನನ್ನ ಎಡ ಅಂಚಿನಲ್ಲಿ ಅವರ ಪುಸ್ತಕಗಳು, ಬಲಕ್ಕೆ ರೊಟ್ಟಿ ಮತ್ತು ಉಪ್ಪು. ಯೆಹೂದ್ಯರ ಪುರಾತನ ದೇವಾಲಯ ನಾಶವಾದ ಮೇಲೆ ಊಟದ ಮೇಜೇ ಬಲಿಪೀಠ ಎಂದು ಅವರು ನಂಬಿದ್ದರು. ಊಟ ಮುಗಿದು ಸ್ತೋತ್ರ ಹೇಳುವ ಮೊದಲು ಚಾಕುವನ್ನು ನನ್ನ ಮೇಲಿಂದ ತೆಗೆದಿಡುತ್ತಿದ್ದರು. ಬಲಿಪೀಠಕ್ಕೆ ಕಬ್ಬಿಣ ಸೋಕಬಾರದಂತೆ. ಹಸಿದವರಿಬ್ಬರು ನನ್ನೆದುರು ಕೂತು ಉಣ್ಣುವ ತನಕ ಅವರು ತುತ್ತು ಮುಟ್ಟುತ್ತಿರಲಿಲ್ಲ.

ನೀರು ಹೊರುವ ಲೇಮಲ್ ದಿನವೂ ಬರುತ್ತಿದ್ದ. ಅವನ ನಾಲಿಗೆಗೆ ಹಿಡಿತವಿರಲಿಲ್ಲ.

“ರಬ್ಬಿಗಳೇ, ಈ ಸಾರು ಎಷ್ಟು ತೆಳ್ಳಗಿದೆ ಅಂದ್ರೆ, ನನ್ನ ಮುಖಾನೇ ಕಾಣ್ತಿದೆ.”

“ಹಾಗಾದ್ರೆ ಕಣ್ಣು ಮುಚ್ಕೊಂಡು ಕುಡಿಯೋ, ಹೆದರ್ಕೊಂಡೀಯ!”

ಒಳಗಿನಿಂದ ಹೆನ್ಯೆ ಕೂಗುತ್ತಿದ್ದಳು: “ಇಬ್ಬರಿಗೂ ನಾಳೆ ಬರೀ ಬಿಸಿನೀರು!” ಮರುದಿನ ಸಾರಿನಲ್ಲಿ ಇನ್ನೊಂದು ಆಲೂಗಡ್ಡೆ ಇರುತ್ತಿತ್ತು.

ಒಂದು ಚಳಿಗಾಲ ದೂರದ ಊರಿನ ಹೆಂಗಸೊಬ್ಬಳು ಬಂದಳು. ಗಂಡ ನದಿಯಲ್ಲಿ ಮುಳುಗಿದ್ದ, ಶವ ಸಿಕ್ಕಿರಲಿಲ್ಲ. ಸತ್ತದ್ದಕ್ಕೆ ಸಾಕ್ಷಿಯಿಲ್ಲದೆ ಅವಳು ಮರುಮದುವೆಯಾಗುವಂತಿಲ್ಲ. ರಬ್ಬಿ ಏಳು ತಿಂಗಳು ಗ್ರಂಥಗಳನ್ನು ಹುಡುಕಿದರು. ಅವರ ಕಣ್ಣೀರು ನನ್ನ ಹಲಗೆಗೆ ಇಳಿದಿದೆ. ಕೊನೆಗೆ, ಅವನು ಮುಳುಗಿದ್ದನ್ನು ಕಂಡ ಒಬ್ಬ ಬೆಸ್ತನ ಮಾತನ್ನೇ ಸಾಕ್ಷಿಯೆಂದು ಒಪ್ಪಿ, ಅವಳು ಮರುಮದುವೆಯಾಗಬಹುದೆಂದು ತೀರ್ಪು ಕೊಟ್ಟರು. ದೊಡ್ಡ ಊರುಗಳ ಪಂಡಿತರು ಸಿಟ್ಟಾದರು. ಎರಡೇ ವರ್ಷದಲ್ಲಿ ಅವರೂ ಅದೇ ತೀರ್ಪನ್ನು ಅನುಸರಿಸಿದರು. ಆಮೇಲೆ ದೇಶದೇಶಗಳಿಂದ ಪತ್ರಗಳು ಬಂದವು, ಶಿಷ್ಯರು ಬಂದರು. ಅವರಲ್ಲಿ ಅತಿ ಜಾಣನಾದ ಝೆಲಿಗ್‌ನಿಗೆ ರಬ್ಬಿ ಮಗಳನ್ನು ಕೊಟ್ಟರು.

ಎಪ್ಪತ್ತಾರನೆಯ ವಯಸ್ಸಿನಲ್ಲಿ ಅವರು ಹಾಸಿಗೆ ಹಿಡಿದರು. ಮಂಚವನ್ನು ನನ್ನ ಪಕ್ಕಕ್ಕೆ ತರಿಸಿದರು. ಎಲ್ಲರೆದುರು ನನ್ನ ಮೇಲೆ ಕೈಯಿಟ್ಟು ಹೇಳಿದರು:

“ಈ ಹಲಗೆಗಳನ್ನು ಬಿಚ್ಚಿ ನನ್ನ ಶವಪೆಟ್ಟಿಗೆ ಮಾಡಿ. ಹಿಂದಿನ ಕೆಲವು ಪುಣ್ಯವಂತರು ಹಾಗೆ ಮಾಡ್ತಿದ್ರು. ನಾನು ಬರೆದದ್ದರಲ್ಲಿ ತಪ್ಪಿರಬಹುದು. ಹಸಿದವರು ಇಲ್ಲಿ ಉಂಡದ್ದು ಸುಳ್ಳಲ್ಲ. ದೇವರ ಮುಂದೆ ಇದು ನನ್ನ ಪರ ಸಾಕ್ಷಿ ಹೇಳಲಿ.”

ನನಗೆ ಭಯವಾಗಲಿಲ್ಲ. ಅವರೊಡನೆ ಮಣ್ಣಿಗೆ ಹೋಗುವುದಕ್ಕಿಂತ ದೊಡ್ಡದು ಮೇಜಿಗೆ ಇನ್ನೇನಿದೆ?

ಮರುದಿನ ಬೆಳಿಗ್ಗೆ ಅವರು ತೀರಿಹೋದರು. ಅಂದೇ ಹೂಳಬೇಕು, ಅದು ನಿಯಮ. ಮಧ್ಯಾಹ್ನ ಅಂಗಳದಲ್ಲಿ ಸುತ್ತಿಗೆಯ ಸದ್ದು ಕೇಳಿತು. ಬಡಗಿಯೊಬ್ಬ ಬೇರೆ ಹಲಗೆಗಳನ್ನು ಜೋಡಿಸುತ್ತಿದ್ದ.

ಹೆನ್ಯೆ ಅಳಿಯನನ್ನು ತಡೆದು ನಿಂತಳು. “ಮೇಜು ಇಲ್ಲೇ ಇದೆಯಲ್ಲ ಝೆಲಿಗ್?”

“ಅತ್ತೆ, ನಾಳೆ ಲೋಕವೆಲ್ಲ ಇದನ್ನು ನೋಡೋಕೆ ಬರುತ್ತೆ. ಇಂಥದ್ದನ್ನು ಮಣ್ಣಿಗೆ ಹಾಕೋದೇ?”

“ಅವರನ್ನೇ ಮಣ್ಣಿಗೆ ಹಾಕ್ತಿದೀಯಲ್ಲಪ್ಪ. ಮೇಜು ಅವರಿಗಿಂತ ಹೆಚ್ಚಾಯ್ತೇ?”

ಅವನು ಅಂಗಳದತ್ತ ತಿರುಗಿ ಬಡಗಿಗೆ ಬೇಗ ಮುಗಿಸೆಂದ. ಅಲ್ಲಿ ನಿಂತಿದ್ದ ನಲವತ್ತು ಶಿಷ್ಯರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ. ಗುರುವಿನ ಒಂದೊಂದು ಅಕ್ಷರಕ್ಕೂ ವಾರಗಟ್ಟಲೆ ವಾದಿಸುತ್ತಿದ್ದ ಮಂದಿ! ಅವರ ಕಡೆಯ ಮಾತು ಮಾತ್ರ ಯಾರಿಗೂ ಬೇಡವಾಯಿತು. ಕಾಲಿದ್ದೂ ನಡೆಯಲಾರದ ನಾನು ಗುರುವಿನ ಪೆಟ್ಟಿಗೆ ಬಾಗಿಲು ದಾಟುವುದನ್ನು ನೋಡಿದೆ. ಆ ಸಿಟ್ಟು ಇಂದಿಗೂ ಇಳಿದಿಲ್ಲ.

ಮರುವಾರ ಲೇಮಲ್ ರೊಟ್ಟಿಯ ತುಂಡು ಹಿಡಿದು ಬಂದು ತನ್ನ ಜಾಗದಲ್ಲಿ ಕೂತ.

“ಏಳಯ್ಯ! ಅದು ರಬ್ಬಿಗಳ ಮೇಜು,” ಎಂದ ಝೆಲಿಗ್.

“ಗೊತ್ತು ಸ್ವಾಮಿ, ಹದಿನೆಂಟು ವರ್ಷ ಇಲ್ಲೇ ಉಂಡಿದೀನಿ. ನೀವು ಒಂದು ದಿನ ಬಡಿಸಿದ್ದು ಮಾತ್ರ ನೆನಪಿಲ್ಲ.”

ಅವನನ್ನು ಹೊರಗಿನ ಮೆಟ್ಟಿಲಿಗೆ ಕಳಿಸಿದರು. ನನ್ನನ್ನು ಪಾಠಶಾಲೆಗೆ ಸಾಗಿಸಿ, ಮೇಲೆ ಗಾಜು ಹಾಸಿ, ಸುತ್ತ ಹಿತ್ತಾಳೆಯ ಕಂಬಿ ಹಾಕಿದರು. ಹೆನ್ಯೆ ಒಮ್ಮೆ ಮಾತ್ರ ಅಲ್ಲಿಗೆ ಬಂದಳು; ಕಂಬಿಯಾಚೆಯಿಂದ ನೋಡಿ ತಿರುಗಿ ನಡೆದಳು.

ಯಾತ್ರಿಕರು ಬಂದು ಕಂಬಿಗೆ ತುಟಿಯೊತ್ತಿದರು. ಝೆಲಿಗ್ ನನ್ನ ಪಕ್ಕ ನಿಂತು ಮಾವನ ಔದಾರ್ಯದ ಕುರಿತು ಸೊಗಸಾಗಿ ಉಪನ್ಯಾಸ ಮಾಡಿದ, ಕೇಳಿದವರು ಅತ್ತರು. ಹೊರಗೆ ಮೆಟ್ಟಿಲ ಮೇಲೆ ಹಸಿದವರು ಕೂತೇ ಇದ್ದರು. ಹೀಗೆ ಮೂವತ್ತೊಂದು ವರ್ಷ. ನನ್ನ ಮೇಲೆ ಒಂದು ರೊಟ್ಟಿಯ ಚೂರೂ ಬೀಳಲಿಲ್ಲ.

ನಿನ್ನೆ ರಾತ್ರಿ ಝೆಲಿಗ್ ತೀರಿಕೊಂಡ. ಇಂದು ಬೆಳಿಗ್ಗೆ ಅವನ ಉಯಿಲನ್ನು ನನ್ನೆದುರಿಗೇ ಓದಿದರು. ತನ್ನ ಮಾವನವರ ಮೇಜಿನಿಂದ ತನ್ನ ಪೆಟ್ಟಿಗೆ ಮಾಡಬೇಕಂತೆ. ದೇವರ ಮುಂದೆ ನಾನು ತನ್ನ ಪರ ಸಾಕ್ಷಿ ಹೇಳಬೇಕಂತೆ. ಶಿಷ್ಯರು ಈ ಸಲ ಒಂದಕ್ಷರವನ್ನೂ ಮೀರಲಿಲ್ಲ. ಗಾಜು ತೆಗೆದಾಯಿತು. ಬಡಗಿಯೊಬ್ಬ ಒಂದೊಂದೇ ಹಲಗೆ ಬಿಚ್ಚುತ್ತಿದ್ದಾನೆ.

ಮಾಡಲಿ. ನಾನು ಇವನೊಡನೆ ಹೋಗುತ್ತೇನೆ. ಸಾಕ್ಷಿಗೆ ಕರೆದವನು ಇವನೇ. ದೇವರು ಕೇಳಲಿ, ನಾನು ಕಂಡದ್ದನ್ನೇ ಹೇಳುತ್ತೇನೆ.