ಎಡೆಯ ಮುಂದಿನ ಖಾಲಿ ಲೋಟ

ಭಾದ್ರಪದ ಮುಗಿಯುತ್ತಿತ್ತು. ಅತ್ತಿಗುಪ್ಪೆಯ ಹಿಂದೆ, ಇನ್ನೂ ಸೈಟುಗಳಾಗದೆ ಉಳಿದಿದ್ದ ಎರಡು ಹೊಲಗಳಲ್ಲಿ ರಾಗಿ ಮೊಣಕಾಲೆತ್ತರ ಬೆಳೆದಿತ್ತು. ಬೆಳಗಿನ ತುಂತುರು ನಿಂತ ಮೇಲೆ ಇಂದ್ರಮ್ಮ ಹಿತ್ತಲಿನ ಒರಳಿನ ಮುಂದೆ ಕೂತು ವಡೆಗೆ ರುಬ್ಬತೊಡಗಿದಳು. ಅಂದು ಮಹಾಲಯ ಅಮಾವಾಸ್ಯೆ, ಹಿರಿಯರ ಹಬ್ಬ. ಗಾರೆ ಕೆಲಸದ ಗಂಡ ಉಗ್ರಪ್ಪ ಕೆಂಗೇರಿ ಉಪನಗರದ ಕಟ್ಟಡಕ್ಕೆ ರಜೆ ಹೇಳಿ, ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತು ಈರುಳ್ಳಿ ಬಿಡಿಸುತ್ತಿದ್ದ.

"ಗುರುಬಸಪ್ಪನವರು ಹೇಳ್ತಾರೆ, ಕೈಗೆ ಕೆಲಸ ಇದ್ರೆ ಬಾಯಿ ಸುಮ್ಮನಿರುತ್ತಂತೆ," ಎಂದ.

"ಹದಿನೆಂಟು ವರ್ಷದಿಂದ ನಾನೂ ಅದನ್ನೇ ಹೇಳ್ತಿದ್ದೆ. ನನ್ನ ಹೆಸರು ಗುರುಬಸಪ್ಪ ಆಗಿರ್ಲಿಲ್ಲ, ಅದೇ ತಪ್ಪು."

ಉಗ್ರಪ್ಪ ನಕ್ಕ. ಅವಳು ನಗಲಿಲ್ಲ.

ಅವನು ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಕುಡಿತ ಬಿಡುವವರು ಒಟ್ಟಿಗೆ ಕೂತು ಮಾತಾಡುವ ಸಭೆಯೊಂದು ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ, ನಡೆಯುತ್ತದೆಂದು ಕೇಳಿ, ಮೊದಲು ಎರಡು ಬಸ್ಸು ಬದಲಿಸಿ ಅಲ್ಲಿಗೆ ಹೋಗಿದ್ದ. ಅಲ್ಲಿ ಎಲ್ಲವೂ ಇಂಗ್ಲಿಷು. ಗುರುತಿಲ್ಲದವರ ಮದುವೆಗೆ ಹೋದವನಂತೆ ಮೂರು ವಾರ ಮೂಲೆಯಲ್ಲಿ ಕೂತು ಬಂದ. ನಾಲ್ಕನೆಯ ವಾರ ದಾರಿಯಲ್ಲೇ ಸಾರಾಯಿ ಅಂಗಡಿಯ ಮುಂದೆ ಇಳಿದುಬಿಟ್ಟ. ಆಮೇಲೆ ವಿಜಯನಗರದ ಶಾಲೆಯೊಂದರ ಕೋಣೆಯಲ್ಲಿ ಗುರುವಾರ ಸಂಜೆ ಸೇರುವ, ಕನ್ನಡದಲ್ಲೇ ಅತ್ತು ಕನ್ನಡದಲ್ಲೇ ನಗುವ ಹತ್ತು ಜನ ಸಿಕ್ಕರು. ಅವರಲ್ಲಿ ಹಿರಿಯರು ನಿವೃತ್ತ ಗುಮಾಸ್ತ ಗುರುಬಸಪ್ಪ.

ತಾಯಿತ ಕಟ್ಟಿಸಿದವಳು, ವಾಂತಿ ಬಳಿದವಳು, ಚರಂಡಿ ಪಕ್ಕದಿಂದ ಎಬ್ಬಿಸಿ ತಂದವಳು ಇಂದ್ರಮ್ಮ. ಆ ಹತ್ತು ಜನ ಮಾಡಿದ್ದೇನು? ಒಂದು ಲೋಟ ಟೀ ಕೊಟ್ಟದ್ದು. ಗುರುವಾರ ಬಂದರೆ ಗಂಡ ಇಸ್ತ್ರಿ ಮಾಡಿದ ಶರಟು ಹಾಕುತ್ತಿದ್ದ. ಅವಳ ಜೊತೆ ನೆಂಟರ ಮನೆಗೆ ಹೋಗುವಾಗಲೂ ಹಾಕದ ಶರಟು.

ಹೋದ ಗುರುವಾರ ತಡೆಯಲಾರದೆ ಹಿಂದೆಯೇ ಹೋಗಿ, ಶಾಲೆಯ ಕಿಟಕಿಯ ಬಳಿ ನಿಂತಿದ್ದಳು. ಒಳಗೆ ಉಗ್ರಪ್ಪ ಎದ್ದು ನಿಂತು ಹೇಳುತ್ತಿದ್ದ: "ಹನ್ನೆರಡು ವರ್ಷದ ಹಿಂದೆ ನಮ್ಮ ಮಗು ಹೆರಿಗೇಲೇ ಹೋಯ್ತು. ಆಸ್ಪತ್ರೆ ಗೇಟಿನ ತನಕ ಹೋಗಿದ್ದೆ. ಬಾಯಿ ವಾಸನೆ ಹೊಡೀತಿತ್ತು. ಅವಳ ಮುಂದೆ ನಿಲ್ಲೋಕೆ ನಾಚಿಕೆಯಾಗಿ ವಾಪಸ್ ಬಂದ್ಬಿಟ್ಟೆ."

ಅಂದು ಅವನು ಬರಲೇ ಇಲ್ಲವೆಂದು ಅವಳು ಹನ್ನೆರಡು ವರ್ಷ ನಂಬಿದ್ದಳು. ಗೇಟಿನ ತನಕ ಬಂದಿದ್ದನೆಂಬುದು ತನಗಿಂತ ಮೊದಲು ಹತ್ತು ಜನ ಹೊರಗಿನವರಿಗೆ ಗೊತ್ತಾಯಿತಲ್ಲ! ಮನೆ ಸೇರಿದ ಮೇಲೂ ಅವಳ ಹೊಟ್ಟೆಯುರಿ ಆರಲಿಲ್ಲ.

ಇಳಿಹೊತ್ತಿಗೆ ಎಡೆ ಬಡಿಸಿದರು. ಸತ್ತವರು ಬಯಸುತ್ತಿದ್ದುದನ್ನೆಲ್ಲ ಇಡುವುದು ಆ ಮನೆಯ ಪದ್ಧತಿ. ಮಾವ ಹನುಮಂತಯ್ಯನಿಗೆ ಬಾಡಿನ ಸಾರು, ವಡೆ, ಬೀಡಿ, ಒಂದು ಲೋಟ ಸಾರಾಯಿ. ಸಾರಾಯಿಯನ್ನು ಮಗನೇ ಬಗ್ಗಿಸಬೇಕು. ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂರಬೇಕು. ಆಮೇಲೆ ಒಳಗೆ ಹೋಗಿ, ಅದೇ ಲೋಟದಿಂದ ಮಗ ಒಂದು ಗುಟುಕು ಪ್ರಸಾದವೆಂದು ತೆಗೆದುಕೊಳ್ಳಬೇಕು.

"ಅಪ್ಪನ ಲೋಟ ಖಾಲಿ ಇದೆಯಲ್ಲೋ," ಎಂದಳು ಹಬ್ಬಕ್ಕೆ ಬಂದಿದ್ದ ಉಗ್ರಪ್ಪನ ಅಕ್ಕ ಅಣ್ಣಮ್ಮ.

"ಈ ಸಲ ನೀರಿಡೋಣ ಕಣಕ್ಕ."

"ನೀರಾ? ನಮ್ಮಪ್ಪ ನೀರು ಕುಡಿದಿದ್ದನ್ನ ನೀನ್ಯಾವತ್ತು ನೋಡಿದ್ದೆ? ಸಿಟ್ಟು ಮಾಡ್ಕೊಂಡು ಎಡೆ ಮುಟ್ಟದೆ ಹೋದ್ರೆ? ಒಂದು ಗುಟುಕಿಗೆ ಯಾರೂ ಕೆಟ್ಟುಹೋಗಲ್ಲ."

"ನನಗೆ ಒಂದು ಗುಟುಕು ಒಂದಾಗೇ ಉಳಿಯಲ್ಲ ಅಕ್ಕ."

ಇಂದ್ರಮ್ಮ ಅಡುಗೆಮನೆಗೆ ಹೋದಳು. ರಾಗಿ ಡಬ್ಬದ ಹಿಂದಿನಿಂದ, ಹಿಂದಿನ ದಿನವೇ ತಾನೇ ಹೋಗಿ ತಂದಿಟ್ಟಿದ್ದ ಸಾರಾಯಿ ಶೀಶೆಯನ್ನು ತೆಗೆದು ಗಂಡನ ಕೈಗಿಟ್ಟಳು.

"ನೀನೇ ತಂದ್ಯಾ, ಇಂದ್ರಿ?"

"ಯಾಕೆ, ಗುರುಬಸಪ್ಪನವರನ್ನ ಕೇಳಿ ತರಬೇಕಿತ್ತಾ? ಆ ಜನಕ್ಕೆ ಮನಸ್ಸಲ್ಲಿರೋದೆಲ್ಲ ಬಗೆದು ಕೊಡ್ತೀರ. ಆಸ್ಪತ್ರೆ ಗೇಟಿನ ಮಾತನ್ನೂ ಕೊಟ್ರಿ. ಕಿಟಕಿ ಹತ್ರ ನಿಂತು ಕೇಳಿದೀನಿ. ಮನೆಯವರಿಗೆ ಮಾತ್ರ ಏನೂ ಇಲ್ಲ."

ಉಗ್ರಪ್ಪ ಶೀಶೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ನಿನಗೆ ಹೇಳ್ಬೇಕು ಅಂತ ಎಷ್ಟು ಸಲ ಹೊರಟಿದೀನಿ. ನಾಲಿಗೆ ಏಳಲ್ಲ. ಅಲ್ಲಿ ಯಾರ ಮಗುವೂ ಅಲ್ಲ ಅದು, ಕೇಳಿದ್ರೆ ಯಾರಿಗೂ ಕರುಳು ಕಿತ್ತು ಬರಲ್ಲ. ಅವರ ಮುಂದೆ ಹೇಳಿ ಹೇಳಿ ಬಾಯಿ ರೂಢಿ ಮಾಡ್ಕೋತಾ ಇದ್ದೆ, ನಿನ್ನ ಮುಂದೆ ಹೇಳೋದಕ್ಕೆ."

ಹಾಗೆ ಹೇಳುವಾಗಲೂ ಅವನ ಕಣ್ಣು ಶೀಶೆಯಿಂದ ಕದಲಿರಲಿಲ್ಲ. ಗೋಡೆಯನ್ನು ನೂಲು ಹಿಡಿದಂತೆ ಎಬ್ಬಿಸುವ ಕೈಯ ಹೆಬ್ಬೆರಳು ಮುಚ್ಚಳವನ್ನು ಸವರುತ್ತಲೇ ಇತ್ತು. ಅದನ್ನು ನೋಡಿದಾಗ, ತಾನು ಏನನ್ನು ತಂದು ಅವನ ಕೈಗಿಟ್ಟೆನೆಂಬುದು ಇಂದ್ರಮ್ಮನಿಗೆ ತಿಳಿಯಿತು. ಶೀಶೆಯನ್ನು ಕಿತ್ತುಕೊಂಡು ಬಚ್ಚಲಿಗೆ ನಡೆದಳು. ಪೂರ್ತಿ ಬಗ್ಗಿಸಿ, ಮೇಲೆ ಎರಡು ಚೊಂಬು ನೀರು ಸುರಿದಳು.

"ಅಯ್ಯೋ, ಹಿರೀಕರ ಋಣ ಕಣೇ ಅದು!" ಅಣ್ಣಮ್ಮ ಬಾಯಿ ಬಡಿದುಕೊಂಡಳು.

"ಮಾವನೋರು ಕೇಳಿದ್ರೆ, ಸೊಸೆ ಕೊಡಲಿಲ್ಲ ಅನ್ನಿ ಅತ್ತಿಗೆ. ಆ ಋಣ ನನ್ನ ತಲೆ ಮೇಲಿರ್ಲಿ. ಅಲ್ಲಿಗೆ ಹೋದಾಗ ನಾನೇ ಮಾತಾಡ್ಕೋತೀನಿ."

ಖಾಲಿ ಲೋಟ ಎಡೆಯ ಮುಂದೆ ಹಾಗೆಯೇ ಉಳಿಯಿತು. ಬಾಗಿಲು ಮುಚ್ಚಿ ಮೂವರೂ ಹೊರಗೆ ಬಂದರು. ಅಣ್ಣಮ್ಮ ಗೊಣಗುತ್ತ ಎದುರುಮನೆಯ ಜಗಲಿಗೆ ಹೋಗಿ ಕೂತಳು.

"ಇವತ್ತು ಗುರುವಾರ," ಎಂದ ಉಗ್ರಪ್ಪ, ಅಪ್ಪಣೆ ಕೇಳುವವನಂತೆ. "ಆರೂವರೆಗೆ ಸೇರ್ತಾರೆ."

ಇಂದ್ರಮ್ಮ ಸೆರಗಿನಲ್ಲಿ ಕೈ ಒರೆಸಿಕೊಂಡಳು. ಸಾರಾಯಿಯ ವಾಸನೆ ಇನ್ನೂ ಹೋಗಿರಲಿಲ್ಲ.

"ಹೋಗೋರಂತೆ. ಮೊದಲು ನನಗೆ ಹೇಳಿ," ಎಂದು ಅವನ ಪಕ್ಕಕ್ಕೆ ಸರಿದು ಕೂತಳು. "ಗೇಟಿನ ತನಕ ಬಂದಿದ್ರಲ್ಲ, ಆವತ್ತು ಯಾವ ಶರಟು ಹಾಕಿದ್ರಿ?"